ಥರ್ಮಾಕೋಲ್ ಗುಡಿಯ ಬೆಂಕಿ

ದೇವಿಯೂ ಬರಲಿಲ್ಲ, ಶಾಪವೂ ತಗುಲಲಿಲ್ಲ. ನಮ್ಮೂರಿನವರು ಒಂದು ಥರ್ಮಾಕೋಲ್ ಗುಡಿಗೆ ಹೆದರಿದರು, ಆ ಹೆದರಿಕೆಯಲ್ಲಿ ನನ್ನ ಮೊಮ್ಮಗಳನ್ನು ಗುಂಡಿಗೆ ಇಳಿಸಲು ಹೊರಟರು. ಆದದ್ದು ಇಷ್ಟೇ. ಬೇರೆ ಥರ ಹೇಳುವವರು ಊರಲ್ಲಿ ಇನ್ನೂ ಇದ್ದಾರೆ. ಬಿಳಿ ಸೀರೆಯ ಹೆಂಗಸೊಬ್ಬಳು ಕೆರೆ ಏರಿ ಮೇಲೆ ನಡೆದು ಹೋಗಿದ್ದನ್ನು ಕಣ್ಣಾರೆ ಕಂಡೆವು ಅನ್ನುತ್ತಾರೆ. ಹಾಗೆ ಕಂಡವರ ಕಣ್ಣಿನಲ್ಲಿ ಎಷ್ಟು ಪೊರೆ ಬಂದಿದೆ ಅನ್ನುವುದು ನನಗೆ ಗೊತ್ತು.

ನಾನು ಅದನ್ನು ಮರೆತೆ ಅಂದುಕೊಂಡಿದ್ದೆ. ಮೊನ್ನೆ ಮಳವಳ್ಳಿ ಸಂತೆ ಮುಗಿಸಿ ಬಸ್ಸಿಗೆ ಕಾಯುವಾಗ ಮೀನಿನಂಗಡಿಯವನು ಒಡೆದ ಥರ್ಮಾಕೋಲ್ ಪೆಟ್ಟಿಗೆಗಳನ್ನು ಗುಡ್ಡೆ ಹಾಕಿ ಬೆಂಕಿ ಇಟ್ಟ. ಕರಿ ಹೊಗೆ ನೆಲ ಹಿಡಿದು ನನ್ನ ಕಡೆಗೇ ಬಂತು. ಸುಟ್ಟ ಕೂದಲೂ ಅಲ್ಲ, ಸುಟ್ಟ ರಬ್ಬರೂ ಅಲ್ಲ, ಎರಡರ ನಡುವಿನ ವಾಸನೆ. ಗಂಟಲಿಗೆ ತಾಗಿದ್ದೇ ತಡ, ಕೈಯಲ್ಲಿದ್ದ ಚೀಲ ಕೆಳಗಿಟ್ಟು ಕುಳಿತುಬಿಟ್ಟೆ. ಆ ಮಳೆಗಾಲ ಪೂರ್ತಿ ನಮ್ಮೂರಿನ ಗಾಳಿಯಲ್ಲಿ ಇದೇ ವಾಸನೆ ಇತ್ತು.

ಅದು ಮಳೆ ಹೋಗಲು ಮನಸ್ಸು ಮಾಡದ ವರ್ಷ. ಗಟ್ಟಿಯಾಗಿ ಸುರಿದು ನಿಲ್ಲುವ ಮಳೆಯಲ್ಲ, ಬೆಳಿಗ್ಗೆಯಿಂದ ಸಂಜೆಯವರೆಗೆ ಉದುರುವ ಸೋನೆ. ಗಾಳಿ ತಿರುಗಿದಾಗ ಗಗನಚುಕ್ಕಿಯಲ್ಲಿ ನೀರು ಬೀಳುವ ಸದ್ದು ನಮ್ಮೂರಿನ ತನಕ ಕೇಳುತ್ತಿತ್ತು. ಒಗೆದ ಬಟ್ಟೆ ಒಣಗುತ್ತಿರಲಿಲ್ಲ, ಸೌದೆ ಹೊತ್ತುತ್ತಿರಲಿಲ್ಲ. ಆಗ ನಾನು ಮನೆಯ ಪಡಸಾಲೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದೆ. ಜೊತೆಗೆ ಮಗಳ ಮಗಳು ರಂಜಿತಾ ಇದ್ದಳು. ಅವಳ ಅಪ್ಪ ಅಮ್ಮ ಮದ್ದೂರಿನಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ತಿಂಡಿ ಹೋಟೆಲ್ ಇಟ್ಟುಕೊಂಡಿದ್ದಾರೆ. ಹೊಗೆಯಲ್ಲಿ, ಗಲಾಟೆಯಲ್ಲಿ ಓದು ಆಗುವುದಿಲ್ಲವೆಂದು ಹುಡುಗಿಯನ್ನು ಚಿಕ್ಕಂದಿನಲ್ಲೇ ನನ್ನ ಬಳಿ ಬಿಟ್ಟಿದ್ದರು. ಆ ವರ್ಷ ಅವಳಿಗೆ ಮಂಡ್ಯದಲ್ಲಿ ನರ್ಸಿಂಗ್ ಓದಲು ಸೀಟು ಸಿಕ್ಕಿತ್ತು. ಹಾಸ್ಟೆಲಿಗೆ ಸೇರುವ ದಿನ ಬರುವುದನ್ನೇ ಕಾಯುತ್ತಿದ್ದಳು.

ಅಷ್ಟರಲ್ಲಿ ಶೂಟಿಂಗಿನವರು ಬಂದರು. ಬೊಂಬಾಯಿ ಕಡೆಯ ಕಂಪನಿ. ಶಿವನಸಮುದ್ರದ ಬಂಡೆ, ನೀರು, ಮೋಡ ಎಲ್ಲ ಅವರಿಗೆ ಬೇಕಿತ್ತಂತೆ. ನಮ್ಮ ಕೆರೆ ಪಕ್ಕದ ಗೋಮಾಳದ ಬಂಡೆಯ ಮೇಲೆ ಒಂದು ಗುಡಿ ಎಬ್ಬಿಸಿದರು. ಅಂಥ ಗುಡಿಯನ್ನು ನಾನು ಕಂಡಿರಲಿಲ್ಲ. ಮೂಲೆಯೇ ಇಲ್ಲ, ಕಣಜದ ಹಾಗೆ ದುಂಡಗೆ. ಸುತ್ತಲೂ ಬಿಳಿ ಕಂಬಗಳು, ಸೂರಿನ ನಡುವೆ ಹೊಗೆ ಹೋಗಲು ಬಾಯಿ. ಒಳಗೆ ವಿಗ್ರಹ ಇರಲಿಲ್ಲ. ನಡುವೆ ಕಲ್ಲಿನ ಒಂದು ಬೆಂಕಿಗುಂಡಿ, ಅಷ್ಟೇ. ಕಂಬ ತಟ್ಟಿದರೆ ಡಬಡಬ ಅನ್ನುತ್ತಿತ್ತು. ಪ್ಲೈವುಡ್ಡು, ಥರ್ಮಾಕೋಲು, ಮೇಲೊಂದು ಪದರ ಪ್ಲಾಸ್ಟರು. ದೂರದಿಂದ ನೋಡಿದರೆ ಮಾತ್ರ, ಆ ಮೋಡದ ಕೆಳಗೆ, ಅದು ನಿಜವಾಗಿಯೂ ಸಾವಿರ ವರ್ಷ ಅಲ್ಲೇ ಇದ್ದ ಹಾಗೆ ಕಾಣುತ್ತಿತ್ತು. ಮೇಯಲು ಹೋದ ದನಗಳು ಅದರ ಪಕ್ಕ ಹಾಯದೆ ಸುತ್ತು ಹಾಕಿ ಬರುತ್ತಿದ್ದವು. ಬಣ್ಣದ ವಾಸನೆಗೆ ಅಂತ ನಾನು ಅಂದೆ. ಬೇರೆ ಯಾರೂ ಹಾಗನ್ನಲಿಲ್ಲ.

ಸೆಟ್ಟು ಕಟ್ಟಿಸುತ್ತಿದ್ದ ಹುಡುಗ ವಿವೇಕ, ಮೈಸೂರಿನವನು, ಮಧ್ಯಾಹ್ನ ನಮ್ಮ ಮನೆಗೆ ಮುದ್ದೆ ಉಣ್ಣಲು ಬರುತ್ತಿದ್ದ. ಒಂದು ದಿನ ಉಣ್ಣುತ್ತ ಉಣ್ಣುತ್ತ ಆ ಗುಡಿಯ ಕತೆ ಹೇಳಿದ. ರೋಮ್ ಅನ್ನುವ ಹಳೆಯ ಕಾಲದ ಪಟ್ಟಣದಲ್ಲಿ ಬೆಂಕಿಯನ್ನೇ ದೇವಿ ಅನ್ನುತ್ತಿದ್ದರಂತೆ. ವೆಸ್ತಾ ಅಂತ ಹೆಸರು. ಅವಳ ಗುಡಿಯ ಬೆಂಕಿ ಆರುವಂತಿಲ್ಲ, ಆರಿದರೆ ಪಟ್ಟಣಕ್ಕೇ ಕೇಡು. ಅದನ್ನು ಕಾಯಲು ಆರು ಜನ ಹೆಣ್ಣುಮಕ್ಕಳು. ಹಾಲುಹಲ್ಲು ಬಿದ್ದ ವಯಸ್ಸಿಗೇ ಅವರನ್ನು ಮನೆಯಿಂದ ಕರೆದೊಯ್ಯುತ್ತಿದ್ದರು. ಮದುವೆ ಇಲ್ಲ, ಮಕ್ಕಳಿಲ್ಲ. ಬೆಂಕಿ ಆರಿಸಿಕೊಂಡರೆ ಚಾಟಿಯೇಟು. ನೇಮ ತಪ್ಪಿದರೆ ನೆಲದೊಳಗೆ ಒಂದು ಕೋಣೆ ತೋಡಿ, ಹಾಸಿಗೆ, ದೀಪ, ಒಂದಿಷ್ಟು ರೊಟ್ಟಿ, ನೀರು, ಹಾಲು ಇಟ್ಟು, ಹುಡುಗಿಯನ್ನು ಇಳಿಸಿ, ಮೇಲೆ ಮಣ್ಣು ಮುಚ್ಚುತ್ತಿದ್ದರಂತೆ.

"ಸಾಯ್ಸೋಕೆ ಇಳಿಸೋರು ಹಾಲು ಯಾಕಪ್ಪ ಮಡಗ್ತಿದ್ರು?" ಅಂದೆ.

"ನಾವು ಸಾಯಿಸಲಿಲ್ಲ, ಊಟ ಕೊಟ್ಟೇ ಇಳಿಸಿದ್ವಿ ಅಂತ ಹೇಳ್ಕೊಳ್ಳೋಕೆ ಅಜ್ಜಿ," ಅಂದ.

ಆ ಮಾತು ನನಗೆ ಚೆನ್ನಾಗಿ ಅರ್ಥವಾಯಿತು. ಮನುಷ್ಯರು ಎಲ್ಲ ಕಡೆಯೂ ಒಂದೇ.

ಅವನು ಇನ್ನೊಂದು ಮಾತು ಹೇಳಿದ. ಆ ಪಟ್ಟಣದಲ್ಲಿ ಪ್ರತಿ ಮನೆಯ ಒಲೆಯೂ ಆ ದೇವಿಯದೇ ಅಂತೆ. ಊಟಕ್ಕೆ ಮೊದಲು ಒಂದು ಚೂರು ಒಲೆಗೆ ಹಾಕುತ್ತಿದ್ದರಂತೆ. ನಾನು ನಕ್ಕೆ. ನಮ್ಮಲ್ಲೂ ಬೆಳಿಗ್ಗೆ ಒಲೆ ಸಾರಿಸಿ, ಗೆರೆ ಎಳೆದು, ಮೊದಲ ರೊಟ್ಟಿಯ ಚೂರನ್ನು ಬೆಂಕಿಗೆ ಹಾಕುವುದು ಇತ್ತಲ್ಲ. ಬೆಂಕಿಪೊಟ್ಟಣ ಅಪರೂಪವಾಗಿದ್ದ ಕಾಲದಲ್ಲಿ ನಾವು ಪಕ್ಕದ ಮನೆಯಿಂದ ಕೆಂಡ ತಂದು ಒಲೆ ಹಚ್ಚುತ್ತಿದ್ದೆವು ಅಂತ ಅವನಿಗೆ ಹೇಳಿದೆ. ಒಲೆಗೆ ಕೆಂಡ ಕೇಳಿ ಬಂದ ಹೆಂಗಸನ್ನು ಬರಿಗೈಯಲ್ಲಿ ಕಳಿಸುವಂತಿರಲಿಲ್ಲ. ಪಕ್ಕದ ಮನೆ ಜಯಮ್ಮನ ಅತ್ತೆಗೂ ನಮಗೂ ಬದುವಿನ ಜಗಳ, ವರ್ಷಗಟ್ಟಲೆ ಮಾತಿರಲಿಲ್ಲ. ಆದರೂ ನಾನು ಬಾಗಿಲಲ್ಲಿ ನಿಂತರೆ ಆಯಮ್ಮ ಮುಖ ಆ ಕಡೆ ತಿರುಗಿಸಿಕೊಂಡು ಕೆಂಡ ಹಾಕುತ್ತಿದ್ದಳು.

"ಪ್ರತಿ ಮನೆ ಒಲೇಲೂ ಅವ್ಳು ಇದ್ಲು ಅಂದ್ಮೇಲೆ ಗುಡಿ ಯಾಕ್ ಕಟ್ಟುದ್ರು?" ಅಂತ ಕೇಳಿದೆ.

ವಿವೇಕ ಇನ್ನೊಂದು ಮುದ್ದೆ ಹಾಕಿಸಿಕೊಂಡ.

ಕೆಡುಕು ಶುರುವಾದದ್ದು ಮುಹೂರ್ತದ ದಿನ. ಹಿಂದೆ ನಿಲ್ಲಲು ಆರು ಹುಡುಗಿಯರು ಬೇಕು ಅಂತ ಊರಿನವರನ್ನೇ ಆರಿಸಿಕೊಂಡಿದ್ದರು. ರಂಜಿ ಎಲ್ಲರಿಗಿಂತ ಉದ್ದ, ಅವಳನ್ನು ಮುಂದೆ ನಿಲ್ಲಿಸಿದರು. ಬಿಳಿ ಬಟ್ಟೆ, ತಲೆಗೆ ಬಿಳಿ ಪಟ್ಟಿ. ನಾನು ಅಲ್ಲಿರಲಿಲ್ಲ, ಹುಳ ನಾಲ್ಕನೇ ಜ್ವರಕ್ಕೆ ಕುಳಿತಿದ್ದವು. ಹುಳ ಪೊರೆ ಬಿಡಲು ಮಲಗುವುದನ್ನೇ ನಾವು ಜ್ವರ ಅನ್ನುತ್ತೇವೆ. ಎದ್ದ ತಕ್ಷಣ ಹಿಪ್ಪುನೇರಳೆ ಸೊಪ್ಪು ಬೇಕು, ಬಿಟ್ಟು ಹೋಗುವಂತಿಲ್ಲ. ಕಂಪನಿಯವರು ಪೂಜೆಗೆ ಅಂತ ನಮ್ಮ ಮಾರಮ್ಮನ ಗುಡಿಯ ಗುಡ್ಡಪ್ಪನನ್ನು ಕರೆದರು. ಕಾಳಪ್ಪ ಅಂತ ಅವನ ಹೆಸರು. ಮಾರಮ್ಮ ಬರುವುದು ಅವನ ಮೈಮೇಲೆ, ಅದಕ್ಕೇ ಗುಡ್ಡಪ್ಪ ಅನ್ನುವುದು. ತೆಂಗಿನಕಾಯಿ ಒಡೆದು ಕರ್ಪೂರ ಹಚ್ಚಿ ಬಂದಿದ್ದರೆ ಆಗಿತ್ತು. ಬೆಂಕಿಗುಂಡಿ ನೋಡಿದ ಅವನು, ಬೆಂಕಿ ಹೊತ್ತಿಸುವುದೇ ಆದರೆ ಕ್ರಮವಾಗಿಯೇ ಆಗಲಿ ಅಂತ ಮಾರಮ್ಮನ ಗುಡಿಗೆ ಹೋಗಿ, ಅವಳ ದೀಪದಿಂದ ಬೆಂಕಿ ಹಿಡಿದು ತಂದುಬಿಟ್ಟ. ತಂದವನು ಮುಂದೆ ನಿಂತಿದ್ದ ರಂಜಿಯ ಕೈಗೆ ಕೊಟ್ಟ. ಅವಳು ಗುಂಡಿಗೆ ಇಟ್ಟಳು. ಕಂಪನಿಯವರು ಚಪ್ಪಾಳೆ ಹೊಡೆದರಂತೆ.

ಊರಿನವರು ಚಪ್ಪಾಳೆ ಹೊಡೆಯಲಿಲ್ಲ. ಯಾಕೆಂದರೆ ಮಾರಮ್ಮನ ದೀಪದ ಬೆಂಕಿ ಹೊರಗೆ ಬರುವುದು ಕೊಂಡ ಹೊತ್ತಿಸಲು ಮಾತ್ರ. ಅದನ್ನು ಕೈಯಲ್ಲಿ ಈಸಿಕೊಂಡವರು, ಅಂದರೆ ಕೈಯೊಡ್ಡಿ ತೆಗೆದುಕೊಂಡವರು, ಬೆಂಕಿ ತಾನಾಗಿ ಆರುವ ತನಕ ಊರ ಗಡಿ ದಾಟುವಂತಿಲ್ಲ. ನೀರು ಹಾಕಿ ಆರಿಸುವಂತೆಯೂ ಇಲ್ಲ. ಕೊಂಡವಾದರೆ ತೊಂದರೆ ಇಲ್ಲ, ಜನ ಹಾಯ್ದ ಮೇಲೆ ಬೂದಿಯಾಗುತ್ತದೆ, ಈಸಿಕೊಂಡವನು ಎದ್ದು ತನ್ನ ಕೆಲಸಕ್ಕೆ ಹೋಗುತ್ತಾನೆ. ಈ ಬೆಂಕಿಯೂ ಹಾಗೇ ಆರಬೇಕಿತ್ತು. ಆರಲಿಲ್ಲ.

ಶೂಟಿಂಗು ನಡೆಯುವಷ್ಟು ದಿನ ಕಂಪನಿಯವರೇ ಉರಿಸಿದರು. ಆಮೇಲೆ ಮಳೆ ಹೆಚ್ಚಾಗಿ, ಯಾವನೋ ನಟನಿಗೆ ಬಿಡುವಿಲ್ಲದಂತಾಗಿ, ಅವರು ಲಾರಿ ತುಂಬಿಕೊಂಡು ಹೊರಟೇಬಿಟ್ಟರು. ವಿವೇಕ ಹೋಗುವ ಮುಂಚೆ ಬಂದು, "ಮಳೆ ನಿಂತ ಮೇಲೆ ಸೆಟ್ಟು ಬಿಚ್ಚಿಸ್ತೀನಿ ಅಜ್ಜಿ," ಅಂದ. ಬರಲಿಲ್ಲ. ಗುಡಿ ಉಳಿಯಿತು. ಬೆಂಕಿಯೂ ಉಳಿಯಿತು.

ಹೇಗೆ ಉಳಿಯಿತು ಅಂತ ಕೇಳಿ. ಯಾರೂ ಅದನ್ನು ಕಾಯುತ್ತಿರಲಿಲ್ಲ. ಕುರಿ ಕಾಯಲು ಹೋದವನು ಗುಡಿಯ ಮುಂದೆ ಹಾಯುತ್ತಿದ್ದ. ಬೆಂಕಿ ಸಣ್ಣಗಾಗಿದ್ದು ಕಾಣುತ್ತಿತ್ತು. ತನ್ನ ಕಣ್ಣೆದುರು ಆರಿ, ತಾನೇ ಆರಿಸಿದ ಹಾಗಾಗಿ, ಕೇಡು ತನ್ನ ಮನೆಗೆ ಬಂದರೆ ಅಂತ ಒಂದು ಕಡ್ಡಿ ಇಟ್ಟು ಹೋಗುತ್ತಿದ್ದ. ಸೊಪ್ಪಿಗೆ ಹೋದವಳು ಒಂದು ಕಡ್ಡಿ. ಕೆರೆಗೆ ಎಮ್ಮೆ ಹೊಡೆದವನು ಒಂದು ಕಡ್ಡಿ. ಬೆಂಕಿ ಇರಲಿ ಅಂತ ಬಯಸಿದವರು ಒಬ್ಬರೂ ಇರಲಿಲ್ಲ. ಆರಲಿ ಸದ್ಯ ಅಂತಲೇ ಎಲ್ಲರೂ ಅನ್ನುತ್ತಿದ್ದರು. ಅಂದುಕೊಂಡೇ ಕಡ್ಡಿ ಇಡುತ್ತಿದ್ದರು. ಒದ್ದೆ ಕಡ್ಡಿಯ ಹೊಗೆ ಸೂರಿನ ಬಾಯಿಯಿಂದ ಏಳದೆ ಒಳಗೇ ಸುತ್ತಿ, ಥರ್ಮಾಕೋಲಿನ ಅಂಚು ಕರಗಿ ಕರಿ ಹನಿಯಾಗಿ ತೊಟ್ಟಿಕ್ಕುತ್ತಿತ್ತು. ಆ ವಾಸನೆ ಮನೆಮನೆಗೂ ಬಂತು.

ಆಮೇಲೆ ಹುಳ ಸತ್ತವು. ಮೊದಲು ಜಯಮ್ಮನ ಮನೆಯಲ್ಲಿ. ಹಣ್ಣಾಗಿ ಗೂಡು ಕಟ್ಟಬೇಕಿದ್ದ ಹುಳಗಳು ತಟ್ಟೆಯಲ್ಲೇ ಸೆಟೆದು, ಮೈಮೇಲೆ ಸುಣ್ಣ ಬಳಿದ ಹಾಗೆ ಬೆಳ್ಳಗಾದವು. ಚಳಿ, ತೇವ ಹಿಡಿದ ಮನೆಯಲ್ಲಿ ಬರುವ ಸುಣ್ಣಕಟ್ಟು ರೋಗ, ಹುಳ ಸಾಕುವವರಿಗೆ ಯಾರಿಗೂ ಹೊಸದಲ್ಲ. ಜಯಮ್ಮನಿಗೂ ಗೊತ್ತು. ಆದರೂ ಅವಳು ಒಂದು ಹುಳವನ್ನು ಅಂಗೈ ಮೇಲೆ ಇಟ್ಟುಕೊಂಡು ನಮ್ಮ ಜಗಲಿಗೆ ಬಂದಳು.

"ನೋಡಕ್ಕ ನಿಂಗಮ್ಮಕ್ಕ. ಆ ಗುಡಿ ಬಣ್ಣ ಅಲ್ವಾ ಇದು?"

"ಸುಣ್ಣಕಟ್ಟು ಕಣೆ ಅದು. ಮನೆಗೆ ಔಸ್ದಿ ಒಡ್ಸು, ಉಳ ಸುಟ್ಟಾಕು."

"ಓದ್ ವರ್ಸ ಯಾಕ್ ಬರ್ನಿಲ್ಲ?"

"ಓದ್ ವರ್ಸ ಬಿಸ್ಲಿತ್ತು ಕಣೆ!"

ಅವಳು ನನ್ನನ್ನು ನೋಡುತ್ತಿರಲಿಲ್ಲ. ನನ್ನ ಹೆಗಲ ಮೇಲಿಂದ ಒಳಗೆ, ರಂಜಿಯನ್ನು ನೋಡುತ್ತಿದ್ದಳು.

ಇನ್ನೂ ಕೆಲವು ಮನೆಗಳಲ್ಲಿ ಹಾಗೇ ಆಯಿತು. ನನ್ನ ಮನೆಯಲ್ಲಿ ಆಗ ಹೊಸ ಬೆಳೆಯ ಹುಳ ಇದ್ದವು, ಅವಕ್ಕೆ ಏನೂ ಆಗಲಿಲ್ಲ. ಕಿಟಕಿಗೆ ಗೋಣಿ ಕಟ್ಟಿ, ಕೆಂಡದ ಮಡಕೆ ಇಟ್ಟು ಮನೆ ಬೆಚ್ಚಗಿಟ್ಟಿದ್ದೆ. ಅದೇ ದೊಡ್ಡ ತಪ್ಪಾಯಿತು. ಬೆಂಕಿ ಈಸಿಕೊಂಡವಳ ಮನೆಯಲ್ಲಿ ಮಾತ್ರ ಹುಳ ಚೆನ್ನಾಗಿವೆ ಅಂತ ಮಾತು ಹಬ್ಬಿತು. ಆಮೇಲೆ ಗುಡ್ಡಪ್ಪ ಕಾಳಪ್ಪನ ಎತ್ತು ಆ ಗುಡಿಯ ಜಾರುವ ಮೆಟ್ಟಿಲ ಹತ್ತಿರವೇ ಬಿದ್ದು ಕಾಲು ಮುರಿದುಕೊಂಡಿತು. ಊರಿನವರು ನಮ್ಮ ಜೊತೆ ಮಾತು ಆಡುವುದನ್ನೂ ನಿಲ್ಲಿಸಿದರು. ನಾನು ನಲ್ಲಿ ಹತ್ತಿರ ಹೋದರೆ ಹೆಂಗಸರು ಬಿಂದಿಗೆ ಎತ್ತಿಕೊಂಡು ಸರಿಯುತ್ತಿದ್ದರು, ತುಂಬಿರದಿದ್ದರೂ.

ಇವಳನ್ನು ಇಲ್ಲಿಂದ ಕಳಿಸಿಬಿಡಬೇಕು ಅಂತ ನಿಶ್ಚಯಿಸಿದೆ. ಹಾಸ್ಟೆಲಿಗೆ ಇನ್ನೂ ದಿನ ಇತ್ತು, ಮದ್ದೂರಿಗೆ ಹೋಗಿ ಅಪ್ಪ ಅಮ್ಮನ ಜೊತೆ ಇರಲಿ ಅಂತ ಬೆಳಗಿನ ಬಸ್ಸು ಹತ್ತಿಸಿದೆ. ಮನೆಗೆ ಬಂದು ಹುಳಕ್ಕೆ ಸೊಪ್ಪು ಹಾಕುತ್ತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ರಂಜಿ, ಬ್ಯಾಗು ಹಿಡಿದುಕೊಂಡು, ಮೊಣಕಾಲ ತನಕ ಕೆಸರು.

"ಯಾಕ್ ಮಗಾ? ಬಸ್ ಕೆಟ್ಟೋಯ್ತಾ?"

"ಗಡಿಕಲ್ಲ ಹತ್ರ ಇಳ್ಕಂಡೆ ಅಜ್ಜಿ."

"ಯಾರಾದ್ರು ಇಳ್ಸುದ್ರಾ?"

"ಇಲ್ಲ. ನಾನೇ ನಿಲ್ಲಿಸಿ ಅಂದೆ. ಕಲ್ಲು ಕಂಡ್ ತಕ್ಷಣ ಉಸಿರು ಕಟ್ಟೋಯ್ತು."

ಅವತ್ತು ನನಗೆ ಮೊದಲ ಸಲ ಭಯವಾಯಿತು. ಊರಿನವರು ಹೆದರಿದರೆ ಬೈಯಬಹುದು, ಬಾಗಿಲು ಹಾಕಿಕೊಳ್ಳಬಹುದು. ಹೆದರಿಕೆ ನಮ್ಮ ಮನೆ ಒಳಗೇ ಬಂದು, ತಟ್ಟೆ ಹಿಡಿದು ಊಟಕ್ಕೆ ಕುಳಿತಿತ್ತು. ಹುಡುಗಿ ಅನ್ನ ಕಲೆಸುತ್ತಿದ್ದಳು, ತಿನ್ನುತ್ತಿರಲಿಲ್ಲ. ಸಂಜೆಯಾದರೆ ಹಿತ್ತಿಲ ಬಾಗಿಲಿಂದ ಹೊರಗೆ ಹೋಗುತ್ತಿದ್ದಳು. ಒಂದು ಸಂಜೆ ಹಿಂದೆಯೇ ಹೋದೆ. ಗುಡಿ ಒಳಗೆ, ಆ ಹಾಳು ಗುಂಡಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಸೆರಗಿನಲ್ಲಿ ತಂದ ಪುಳ್ಳೆಯನ್ನು ಒಂದೊಂದಾಗಿ ಇಡುತ್ತಿದ್ದಳು.

"ಲೇ ರಂಜಿ, ನೀನೂವಾ?"

"ಆರೋದ್ರೆ ನಂಗೇ ಒಳ್ಳೇದು ಅಂತ ಗೊತ್ತು ಅಜ್ಜಿ. ಆದ್ರೆ ನಾನು ಓದ್ಮೇಲೆ ಯಾರ್ ಮನೇಲಾದ್ರು ಮಗೀಗೆ ಏನಾದ್ರು ಆದ್ರೆ? ನಾನು ನರ್ಸಾಗಿ ಏನ್ ಮಾಡ್ಲಿ?"

ಕೈ ಹಿಡಿದು ಎಳೆದುಕೊಂಡು ಬಂದೆ. ಮದ್ದೂರಿಗೆ ಫೋನು ಮಾಡಿದರೆ ಅಳಿಯ, "ಊರಿನ ವಿಸ್ಯ ಅತ್ತೆ, ಎದುರಾಕ್ಕಬ್ಯಾಡಿ, ನಾಕ್ ದಿನ ನೋಡವ," ಅಂದ. ಮಗಳು ಪಕ್ಕದಲ್ಲಿ ಅಳುತ್ತಿದ್ದದ್ದು ಕೇಳಿಸಿತು. ಅಳುವವರಿಂದ ಯಾವ ಉಪಯೋಗವೂ ಇಲ್ಲ, ಫೋನು ಇಟ್ಟೆ.

ಸೋಮವಾರ ಹಾಸ್ಟೆಲಿಗೆ ಸೇರಬೇಕು, ಇಲ್ಲದಿದ್ದರೆ ಸೀಟು ಬೇರೆಯವರಿಗೆ. ಅದರ ಹಿಂದಿನ ಶುಕ್ರವಾರ ಊರಿನವರು ಮಾರಮ್ಮನ ಗುಡಿಯಲ್ಲಿ ಸೇರಿ ಹೂವು ಕೇಳಿದರು. ದೇವಿಯ ಮುಡಿಗೆ ಹೂವು ಸಿಕ್ಕಿಸಿ, ಬಲಕ್ಕೆ ಬಿದ್ದರೆ ಹುಡುಗಿ ಹೋಗಬಹುದು, ಎಡಕ್ಕೆ ಬಿದ್ದರೆ ಇಲ್ಲ ಅಂತ ಕಾದು ಕುಳಿತರು. ಹೂವು ಬೀಳಲೇ ಇಲ್ಲ. ಒದ್ದೆ ಗಾಳಿಗೆ ಕಲ್ಲಿಗೆ ಅಂಟಿಕೊಂಡಿತ್ತು, ಇನ್ನೇನು. ಕಾಳಪ್ಪ ಮೈದುಂಬಿ ನಡುಗುತ್ತ ನಿಂತ, ಅವನ ಬಾಯಿಂದಲೂ ಮಾತು ಬರಲಿಲ್ಲ. ದೇವಿ ಮುನಿಸಿಕೊಂಡಿದ್ದಾಳೆ, ಅವಳು ಮಾತಾಡಬೇಕಾದರೆ ಬೆಂಕಿ ಈಸಿಕೊಂಡವಳು ಒಂದು ಮಂಡಲ, ನಲವತ್ತೆಂಟು ದಿನ, ಬೆಂಕಿಯ ಹತ್ತಿರವೇ ನೇಮದಲ್ಲಿ ಕೂರಬೇಕು ಅಂತ ಹಿರಿಯರು ತೀರ್ಮಾನ ಮಾಡಿದರು. ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಎಲ್ಲರೂ ಮೆತ್ತಗೆ, ಹುಷಾರಿಲ್ಲದವರ ಮನೆಯಲ್ಲಿ ಮಾತಾಡುವ ಹಾಗೆ ಮಾತಾಡಿದರು.

ಭಾನುವಾರ ಬೆಳಿಗ್ಗೆ ಸೊಪ್ಪಿಗೆ ಹೋಗುವಾಗ ಗುಡಿಯ ಹಿಂದೆ ಗುದ್ದಲಿ ಸದ್ದು ಕೇಳಿತು. ಹೋಗಿ ನೋಡಿದೆ. ಬಂಡೆ ಮುಗಿದು ಮಣ್ಣು ಶುರುವಾಗುವ ಕಡೆ ಒಂದು ಗುಂಡಿ ತೋಡುತ್ತಿದ್ದರು. ಆಳು ಮುಳುಗುವಷ್ಟು ಆಳ. ಇಳಿಯಲು ಮೆಟ್ಟಿಲು. ಮಳೆ ಬೀಳದಂತೆ ಮೇಲೆ ಹಾಕಲು ಕಂಪನಿಯವರ ಪ್ಲೈವುಡ್ ಹಲಗೆಗಳು, ಹಲಗೆ ಹಾರದಂತೆ ಹೇರಲು ಪಕ್ಕದಲ್ಲೇ ಮಣ್ಣಿನ ಗುಡ್ಡೆ. ನೇಮದವಳ ಮೇಲೆ ಯಾರ ಕಣ್ಣೂ ಬೀಳಬಾರದಂತೆ. ಗುಂಡಿಯೊಳಗೆ ಗೋಡೆಯಲ್ಲಿ ದೀಪಕ್ಕೆ ಒಂದು ಗೂಡು ಕೊರೆದಿದ್ದರು. ಚಾಪೆ ಹಾಸಿದ್ದರು. ಜಯಮ್ಮ ಮೇಲಿಂದ ನೀರಿನ ಬಿಂದಿಗೆ ಇಳಿಸುತ್ತಿದ್ದಳು. ಅವಳ ಪಕ್ಕ ಮುಚ್ಚಿದ ಒಂದು ಸ್ಟೀಲ್ ಪಾತ್ರೆ.

"ಅದ್ರಲ್ಲೇನೆ?" ಅಂದೆ.

"ಹಾಲು ಕಣಕ್ಕ," ಅಂದಳು. "ಉಡ್ಗಿ ಅಸ್ಕಂಡಿರಬಾರ್ದು ಅಂತ."

ವಿವೇಕನ ಕತೆ ಇವರಲ್ಲಿ ಯಾರೂ ಕೇಳಿರಲಿಲ್ಲ. ಅವನು ಅದನ್ನು ಹೇಳಿದ್ದು ನಮ್ಮ ಒಲೆಯ ಮುಂದೆ, ಕೇಳಿದವರು ನಾನು, ರಂಜಿ. ಚಾಪೆ, ದೀಪ, ನೀರು, ಹಾಲು. ಒಬ್ಬ ಹುಡುಗಿಯನ್ನು ನೆಲಕ್ಕೆ ಇಳಿಸಬೇಕು, ಕೈಗೆ ರಕ್ತ ಅಂಟಬಾರದು ಅಂದಾಗ ಮನುಷ್ಯರಿಗೆ ತಾನಾಗಿಯೇ ಇದೆಲ್ಲ ಹೊಳೆಯುತ್ತದೆ ಅಂತ ಕಾಣುತ್ತದೆ. ಕಾವೇರಿಯ ಸದ್ದು ಅವತ್ತು ಬಹಳ ಹತ್ತಿರ ಕೇಳುತ್ತಿತ್ತು. ಮಳೆ ಒಂದು ಸಲ ಜೋರಾದರೆ ಆ ಗುಂಡಿ ಬಾವಿಯಾಗುತ್ತಿತ್ತು. ಅದನ್ನು ಯಾರೂ ಯೋಚಿಸಿರಲಿಲ್ಲ. ಇಲ್ಲ, ಯೋಚಿಸಿದವರು ಹೇಳಿರಲಿಲ್ಲ.

ಸೊಪ್ಪು ಕುಯ್ಯದೆ ಮನೆಗೆ ವಾಪಸು ಬಂದೆ. ರಂಜಿ ಆಗಲೇ ತಲೆಗೆ ನೀರು ಹಾಕಿಕೊಂಡು, ಹಳದಿ ಸೀರೆ ಉಟ್ಟು, ಜಗಲಿಯ ಮೇಲೆ ಕುಳಿತಿದ್ದಳು. ಯಾರೂ ಎಳೆದುಕೊಂಡು ಹೋಗಬೇಕಿರಲಿಲ್ಲ, ತಾನೇ ನಡೆದು ಹೋಗುತ್ತಿದ್ದಳು. ಬಸ್ಸಿಗೆ ಕೂರಿಸಿದರೆ ಮತ್ತೆ ಗಡಿಕಲ್ಲಿನ ಹತ್ತಿರ ಇಳಿಯುತ್ತಾಳೆ. ನೀರು ಹಾಕಿ ಬೆಂಕಿ ಆರಿಸಿದರೆ ಜೀವನಪೂರ್ತಿ ನರಳುತ್ತಾಳೆ. ನನ್ನ ನಂಬಿಕೆ ಅವಳಿಗೆ ಸಾಲದು, ಅವಳ ನಂಬಿಕೆಗೇ ದಾರಿ ಬೇಕಿತ್ತು. ಅಡುಗೆಮನೆಯಲ್ಲಿ ಕುಳಿತೆ. ಗ್ಯಾಸ್ ಒಲೆಯ ಪಕ್ಕ ಹಳೆಯ ಮಣ್ಣಿನ ಒಲೆ, ಬೂದಿ ತುಂಬಿಕೊಂಡು ತಣ್ಣಗಿತ್ತು. ಅದನ್ನೇ ನೋಡುತ್ತ ಕುಳಿತವಳಿಗೆ ಜಯಮ್ಮನ ಅತ್ತೆಯ ಮುಖ ನೆನಪಾಯಿತು, ಆ ಕಡೆ ತಿರುಗಿದ ಮುಖ, ಈ ಕಡೆ ಚಾಚಿದ ಕೈ.

ಒಲೆ ಸಾರಿಸಿದೆ. ಗೆರೆ ಎಳೆದೆ. ಹಿತ್ತಿಲಲ್ಲಿದ್ದ ಕಬ್ಬಿಣದ ಬಾಂಡ್ಲಿ ಎತ್ತಿಕೊಂಡು, ತಳಕ್ಕೆ ಬೂದಿ ಹಾಕಿ, ಸೊಂಟದ ಮೇಲೆ ಇಟ್ಟುಕೊಂಡು ನಡೆದೆ.

ಮಧ್ಯಾಹ್ನದ ಹೊತ್ತು. ಊರೆಲ್ಲ ಆ ಬಿಳಿ ಕಂಬಗಳ ಸುತ್ತ ನಿಂತಿತ್ತು. ರಂಜಿ ಬೆಂಕಿಗುಂಡಿಯ ಮುಂದೆ ಕೈಮುಗಿದು ನಿಂತಿದ್ದಳು. ಕಾಳಪ್ಪ ಆರತಿ ಹಿಡಿದಿದ್ದ. ನಾನು ಜನರ ನಡುವೆ ನುಗ್ಗಿ ಒಳಗೆ ಹೋಗಿ ಬಾಂಡ್ಲಿ ಮುಂದೆ ಹಿಡಿದೆ.

"ಗುಡ್ಡಪ್ಪ, ಒಲೆಗೆ ಬೆಂಕಿ ಇಲ್ಲ. ಕೆಂಡ ಕೊಡ್ಸು."

"ಏನಕ್ಕ ಇದು, ಈ ಒತ್ನಲ್ಲಿ?"

"ಉಣ್ಣೋ ಒತ್ತು ಅಲ್ವೇನ್ಲಾ? ಮನೇಲಿ ರಾಗಿ ಇಟ್ಟು ಬೇಯ್ಬೇಕು. ಕೆಂಡ ಕೇಳ್ಕಂಡ್ ಬಂದಿವ್ನಿ."

"ಗ್ಯಾಸ್ ಅದಲ್ಲಕ್ಕ ನಿಮ್ಮನೇಲಿ!" ಅಂತ ಹಿಂದಿನಿಂದ ಯಾವನೋ ಅಂದ. ಒಬ್ಬಿಬ್ಬರು ನಕ್ಕರು. ತಕ್ಷಣ ನಗು ನಿಂತಿತು.

ಕಾಳಪ್ಪ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಅಂದ, "ಇದು ದ್ಯಾವ್ರ ಬೆಂಕಿ ಕಣಕ್ಕ. ಒಲೆ ಬೆಂಕಿ ಅಲ್ಲ."

"ಒಲೆ ಎಂದಿನಿಂದ ದ್ಯಾವ್ರಲ್ದೆ ಓಯ್ತು? ನಿಮ್ಮವ್ವ ನಿನ್ನ ಕಂಕ್ಳಲ್ಲಿ ಎತ್ಕಂಡ್ ಬಂದು ನಮ್ಮೊಲೇಲಿ ಕೆಂಡ ಈಸ್ಕಂಡ್ ಓಗಿ ನಿಂಗೆ ಗಂಜಿ ಕಾಯ್ಸವ್ಳೆ. ನಮ್ಮತ್ತೆ ಕೊಡಾಕಿಲ್ಲ ಅಂದಿದ್ರೆ ನೀನು ಇವತ್ತು ಆರ್ತಿ ಇಡ್ಕಂಡ್ ನಿಲ್ತಿದ್ಯಾ? ಒಲೆಗೆ ಕೇಳ್ದೋಳ್ಗೆ ಬೆಂಕಿ ಇಲ್ಲ ಅನ್ನೋದು ಯಾವೂರ್ ಕಟ್ಲೆ, ಯೋಳು. ನಿಮ್ ಮಾರಮ್ಮನ್ ಬಾಯಲ್ಲೇ ಯೋಳ್ಸು."

ಸೂರಿನಿಂದ ಕರಗಿದ ಹನಿಯೊಂದು ಬೆಂಕಿಗೆ ಬಿದ್ದು ಚುರ್ ಅಂತು. ಕಾಳಪ್ಪನ ಕಣ್ಣು ನೋಡಿದೆ. ಅವನೂ ಬಹಳ ದಿನದಿಂದ ನಿದ್ದೆ ಮಾಡಿರಲಿಲ್ಲ.

"ನಂಗೂ ಇದು ಬ್ಯಾಡಕ್ಕ," ಅಂದ, ನನಗೆ ಮಾತ್ರ ಕೇಳುವಂತೆ. "ತಂದೋನು ನಾನು. ನಿಲ್ಸದು ಎಂಗೆ ಅಂತ ತಿಳೀಲಿಲ್ಲ."

"ಬುಡು ಅತ್ಲಾಗೆ. ದಾರಿ ಬುಡು."

ಅವನು ಪಕ್ಕಕ್ಕೆ ಸರಿದ. ನಾನು ರಂಜಿಯ ಮುಂದೆ ಬಾಂಡ್ಲಿ ಹಿಡಿದೆ. "ಮಗಾ, ನಿನ್ ಕೈಯಾರೆ ಆಕು. ಎಲ್ಲಾನು. ನೀನ್ ಕೊಟ್ಟೆ, ನಾನ್ ಈಸ್ಕಂಡೆ. ಇನ್ಮೇಲೆ ಬೆಂಕಿ ಈಸ್ಕಂಡೋಳು ನಾನು. ಅದು ಆರೋಗಂಟ ಗಡಿ ದಾಟ್ಬಾರ್ದೋಳು ನಾನು. ನಂಗೆ ಗಡಿ ದಾಟಿ ಓಗೋ ಅಂಥದ್ದು ಏನೂ ಇಲ್ಲ."

ಹುಡುಗಿ ನನ್ನ ಮುಖ ನೋಡಿದಳು. ಆಮೇಲೆ ಕಾಳಪ್ಪನ ಮುಖ ನೋಡಿದಳು. ಅವನು ತಲೆಯಾಡಿಸಿದ. ಅವಳು ಸೌಟಿನ ಥರದ್ದೊಂದು ತಗಡು ಎತ್ತಿಕೊಂಡು ಕೆಂಡ ತೋಡಿ ಹಾಕತೊಡಗಿದಳು. ಒಂದೆರಡು ಕೆಂಡ ನನ್ನ ಪಾದದ ಹತ್ತಿರ ಬಿದ್ದವು. ಬಾಂಡ್ಲಿ ತುಂಬಿತು, ಗುಂಡಿ ಖಾಲಿಯಾಗಲಿಲ್ಲ. ಆಗ ಜಯಮ್ಮ ಮುಂದೆ ಬಂದಳು. ಬೆಳ್ಳಗಾದ ಹುಳ ಹಿಡಿದು ನಮ್ಮ ಜಗಲಿಗೆ ಬಂದವಳೇ. ಹಾಲಿನ ಪಾತ್ರೆಯನ್ನು ಪಕ್ಕಕ್ಕೆ ಬಗ್ಗಿಸಿ ಚೆಲ್ಲಿ, ಖಾಲಿ ಪಾತ್ರೆ ಚಾಚಿದಳು. ಮುಖ ಮಾತ್ರ ಆ ಕಡೆ ತಿರುಗಿಸಿಕೊಂಡಿದ್ದಳು, ಅವಳ ಅತ್ತೆಯ ಹಾಗೇ.

"ಉಳಿದಿದ್ದು ಇದ್ರಲ್ಲಿ ಆಕವ್ವ," ಅಂದಳು. "ನಿಮ್ಮಜ್ಜಿ ಒಲೆವರ್ಗೂ ನಾನ್ ತಂದ್ಕೊಡ್ತೀನಿ."

ಮಣ್ಣಿನ ಒಲೆಗೆ ಅಷ್ಟೂ ಕೆಂಡ ಸುರಿದು ಮುದ್ದೆ ಬೇಯಿಸಿದೆ. ಮೊದಲ ಚೂರು ಬೆಂಕಿಗೆ ಹಾಕಿದೆ. ರಂಜಿ ಎರಡು ಮುದ್ದೆ ಉಂಡಳು. ಅವರೆಕಾಳು ಸಾರು ಬಟ್ಟಲಿಗೆ ಬಾಯಿ ಹಚ್ಚಿ ಕುಡಿದಳು. ನಾನು ಒಲೆಗೆ ಒಂದು ಕಡ್ಡಿಯನ್ನೂ ಇಡಲಿಲ್ಲ. ಮದ್ದೂರಿನ ಸಂಜೆ ಬಸ್ಸಿಗೆ ಬ್ಯಾಗು ಎತ್ತಿಕೊಟ್ಟೆ. ಅವಳು ಬಸ್ಸಿನ ಮೆಟ್ಟಿಲ ಮೇಲೆ ನಿಂತು, "ನೀವು ಗಡಿ ದಾಟ್ಬೇಡಿ ಅಜ್ಜಿ, ಅದು ಆರೋವರ್ಗೂ," ಅಂದಳು. ಅವಳ ಭಯ ಪೂರ್ತಿ ಹೋಗಿರಲಿಲ್ಲ. ಈಗ ಅದು ನನ್ನ ಬಗ್ಗೆ ಆಗಿತ್ತು, ಅಷ್ಟೇ. ಇರಲಿ. ನಾನು ರಸ್ತೆಯಲ್ಲೇ ನಿಂತು ನೋಡಿದೆ. ಬಸ್ಸು ಗಡಿಕಲ್ಲಿನ ಹತ್ತಿರ ನಿಧಾನವಾಯಿತು. ಗುಂಡಿ ಇತ್ತು ರಸ್ತೆಯಲ್ಲಿ, ಅದಕ್ಕೆ. ದಾಟಿಕೊಂಡು ಹೋಯಿತು.

ಆ ಸಂಜೆ ನಮ್ಮ ಮನೆ ಕಡೆ ಯಾರೂ ಬರಲಿಲ್ಲ. ಬಾಗಿಲ ಮುಂದೆ ಹಾಯುವವರು ಒಳಗೆ ಬೆಂಕಿ ಇದೆಯೋ ಅಂತ ಇಣುಕಿ ಹೋಗುತ್ತಿದ್ದರು. ನಾನು ಬಾಗಿಲು ಹಾಕಿಕೊಂಡು, ಹುಳಕ್ಕೆ ಜಯಮ್ಮ ತಂದುಕೊಟ್ಟ ಸೊಪ್ಪು ಹಾಕಿ ಮಲಗಿದೆ.

ಮಾರನೆಯ ದಿನ ಬೆಳಿಗ್ಗೆ ಎದ್ದು ನೋಡಿದರೆ ಒಲೆಯಲ್ಲಿ ಕೆಂಡವೆಲ್ಲ ಬೂದಿಯಾಗಿ ತಣ್ಣಗಿತ್ತು. ಬೆರಳು ಇಟ್ಟು ನೋಡಿದೆ. ಬೂದಿ ತೋಡಿ ಪಾತ್ರೆ ತಿಕ್ಕಿದೆ. ಆಮೇಲೆ ಆ ಗುಂಡಿಗೆ ಯಾವ ಮಗುವಾದರೂ ಬಿದ್ದೀತು, ಮಣ್ಣು ಎಳೆಯೋಣ ಅಂತ ಗುದ್ದಲಿ ಹಿಡಿದು ಗೋಮಾಳಕ್ಕೆ ಹೋದೆ. ಬಿಳಿ ಗುಡಿಯ ಒಳಗೆ ಬೆಂಕಿ ಇರಲಿಲ್ಲ. ಆದರೆ ಬರಿದಾದ ಬೆಂಕಿಗುಂಡಿಯಲ್ಲಿ ಕಡ್ಡಿ ಇತ್ತು. ಒಂದಲ್ಲ ಎರಡಲ್ಲ. ಊರಿನವರೆಲ್ಲ ಯಾರ ಕಣ್ಣಿಗೂ ಬೀಳದೆ ಒಬ್ಬೊಬ್ಬರಾಗಿ ಬಂದು ಇಟ್ಟು ಹೋಗಿದ್ದರು. ಹುಣಸೆ ಪುಳ್ಳೆ, ಸೊಪ್ಪು ಬಿಡಿಸಿದ ಹಿಪ್ಪುನೇರಳೆ ಕಡ್ಡಿ, ತೆಂಗಿನ ಮಟ್ಟೆ, ಮೇಲೊಂದು ಚಿಟಿಕೆ ಅರಿಶಿನ. ಎಲ್ಲವೂ ಒಣಗಿದ ಸೌದೆ, ಆ ಮಳೆಯಲ್ಲಿ ಎಲ್ಲಿ ಬಚ್ಚಿಟ್ಟಿದ್ದರೋ. ಬೆಂಕಿಗಾಗಿ ಕಾಯುತ್ತಿದ್ದವು.

ಮೊದಲು ನೆಲದ ಗುಂಡಿಗೆ ಮಣ್ಣು ಎಳೆದು ಮುಚ್ಚಿದೆ. ಆಮೇಲೆ ಆ ಸೌದೆಯನ್ನೆಲ್ಲ ಸೆರಗು ಹರಡಿ ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತುಕೊಂಡು, ಊರಿನ ನಡುಬೀದಿಯಲ್ಲೇ ನಡೆದು ಮನೆಗೆ ಬಂದೆ. ಬಚ್ಚಲ ನೀರೊಲೆಗೆ ತುಂಬಿ ಬೆಂಕಿಕಡ್ಡಿ ಗೀರಿದೆ. ನೀರು ಚೆನ್ನಾಗಿ ಕಾಯಿತು. ತಲೆಗೆ ಹಾಕಿಕೊಂಡೆ.